ಹಿಂದಿನಿಂದ ಎಣಿಸಬೇಕಾದ ದಿನ

ಹದಿನಾಲ್ಕು ಎಂಬ ಅಂಕಿ ಸರಿ, ಎಣಿಸುವ ದಿಕ್ಕು ತಪ್ಪು!

ಇದು ಮೊದಲ ಸಲ ಸ್ಪಷ್ಟವಾಗಿ ಹೊಳೆದಾಗ ಕೂತಲ್ಲಿ ಕೂರಲಾಗಲಿಲ್ಲ ನನಗೆ. ಮುಟ್ಟಾದ ಮೊದಲ ದಿನವನ್ನು ಒಂದು ಎಂದು ಹಿಡಿದು ಎಣಿಸುತ್ತ ಹೋದರೆ ಹದಿನಾಲ್ಕನೆಯ ದಿನ ಅಂಡ ಬಿಡುಗಡೆಯಾಗುತ್ತದೆ, ಅದರ ಆಚೆ ಈಚೆ ಎರಡು ಮೂರು ದಿನ ಹುಷಾರಾಗಿದ್ದರೆ ಸಾಕು. ಹೈಸ್ಕೂಲಿನ ಪುಸ್ತಕ, ಮದುವೆಯ ಹೊಸದರಲ್ಲಿ ಅಕ್ಕಂದಿರು ಪಿಸುಗುಟ್ಟುವ ಬುದ್ಧಿಮಾತು, ವಾರಪತ್ರಿಕೆಯ ಪ್ರಶ್ನೋತ್ತರ ಅಂಕಣ, ಎಲ್ಲ ಕಡೆಯೂ ಇದೇ ಲೆಕ್ಕ. ದೇಹದ ಲೆಕ್ಕ ಮಾತ್ರ ಬೇರೆ. ಆ ಹದಿನಾಲ್ಕನ್ನು ಎಣಿಸಬೇಕಾದದ್ದು ಕಳೆದ ಮುಟ್ಟಿನಿಂದ ಮುಂದಕ್ಕಲ್ಲ, ಬರಲಿರುವ ಮುಟ್ಟಿನಿಂದ ಹಿಂದಕ್ಕೆ! ಇನ್ನೂ ಬಾರದ ದಿನದಿಂದ ಹಿಂದಕ್ಕೆ ಎಣಿಸುವುದಾದರೂ ಹೇಗೆ? ಗರ್ಭ ನಿಲ್ಲುವ ಭಯ, ನಿಲ್ಲಲಿ ಎಂಬ ಹಂಬಲ, ಮಾತ್ರೆ, ವಂಕಿ, ನಿರೋಧ್, ಆಪರೇಷನ್ ಎಲ್ಲವೂ ಈ ಒಂದೇ ಪ್ರಶ್ನೆಯ ಸುತ್ತ ನಿಂತಿವೆ.

ಒಳಗೆ ನಡೆಯುವುದನ್ನು ನೋಡಿ. ಹೆಣ್ಣುಕೂಸು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಇಡೀ ಆಯುಸ್ಸಿನಲ್ಲಿ ಹೊರಬರುವುದು ಹೆಚ್ಚೆಂದರೆ ನಾನೂರು, ಐನೂರು. ಪ್ರತಿ ತಿಂಗಳೂ ಕೆಲವು ಅಂಡಗಳು ಬೆಳೆಯಲು ತೊಡಗಿ, ಸಾಮಾನ್ಯವಾಗಿ ಒಂದು ಮಾತ್ರ ಕೊನೆ ಮುಟ್ಟುತ್ತದೆ. ಹೀಗೆ ಬೆಳೆಯುವುದಕ್ಕೆ ಗೊತ್ತಾದ ಗಡುವಿಲ್ಲ. ಜ್ವರ ಬಂತು, ನಿದ್ದೆ ಕೆಟ್ಟಿತು, ತೂಕ ಇಳಿಯಿತು, ಥೈರಾಯ್ಡ್ ಏರುಪೇರಾಯಿತು, ಪಿಸಿಓಡಿ ಇದೆ ಎಂದರೆ ಅಂಡ ತಡವಾಗಬಹುದು. ಏನೂ ಕಾರಣವಿಲ್ಲದೆಯೂ ತಡವಾಗಬಹುದು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನ್ ಉಕ್ಕಿ ಬಂದ ಸುಮಾರು 36 ಗಂಟೆಗೆ ಅಂಡ ಹೊರಬೀಳುತ್ತದೆ. ಅಲ್ಲಿಂದಾಚೆಗೆ ಗಡಿಯಾರ ಓಡತೊಡಗುತ್ತದೆ! ಅಂಡ ಬಿಟ್ಟುಹೋದ ಜಾಗ ಹಳದಿ ಬಣ್ಣದ ಪುಟ್ಟ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಸುರಿಸುತ್ತ ಗರ್ಭಕೋಶದ ಒಳಪದರವನ್ನು ಹಿಡಿದಿಡುತ್ತದೆ. ಭ್ರೂಣದಿಂದ ಸುದ್ದಿ ಬಾರದಿದ್ದರೆ ಆ ಗ್ರಂಥಿಯ ಆಯುಸ್ಸು ಹನ್ನೆರಡು, ಹದಿನಾಲ್ಕು ದಿನ, ಅಷ್ಟೇ. ಅದು ಬಾಡಿತು, ಪ್ರೊಜೆಸ್ಟರಾನ್ ಇಳಿಯಿತು, ಪದರ ಕಳಚಿತು, ಮುಟ್ಟಾಯಿತು. ಅಂದರೆ ತಿಂಗಳ ಎರಡನೆಯ ಅರ್ಧಕ್ಕೆ ಹೆಚ್ಚುಕಮ್ಮಿ ನಿಗದಿಯಾದ ಅಳತೆ ಇದೆ, ಮೊದಲ ಅರ್ಧಕ್ಕೆ ಇಲ್ಲ. ಇಪ್ಪತ್ತೆಂಟು ದಿನಕ್ಕೆ ಮುಟ್ಟಾಗುವವಳಿಗೆ ಅಂಡ ಬಿಡುಗಡೆ ಹದಿನಾಲ್ಕರ ಆಸುಪಾಸು, ಮೂವತ್ತೈದಕ್ಕೆ ಆಗುವವಳಿಗೆ ಇಪ್ಪತ್ತೊಂದರ ಆಸುಪಾಸು, ಇಪ್ಪತ್ತನಾಲ್ಕಕ್ಕೆ ಆಗುವವಳಿಗೆ ಹತ್ತರ ಆಸುಪಾಸು.

ಇಪ್ಪತ್ತೆಂಟು ದಿನ ಎಂಬುದೂ ಎಷ್ಟು ಅಪರೂಪ ಗೊತ್ತೇ! 1,24,648 ಹೆಂಗಸರ ಆರು ಲಕ್ಷಕ್ಕೂ ಮಿಕ್ಕಿದ ಋತುಚಕ್ರಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸರಿಯಾಗಿ ಇಪ್ಪತ್ತೆಂಟು ದಿನದ ಚಕ್ರ ಸಿಕ್ಕಿದ್ದು ನೂರಕ್ಕೆ ಹದಿಮೂರು. ಸರಾಸರಿ ಉದ್ದ 29.3 ದಿನ. ಅಂಡ ಹೊರಬರುವ ಮುಂಚಿನ ಭಾಗಕ್ಕೆ ಸರಾಸರಿ 16.9 ದಿನ, ಆಮೇಲಿನದಕ್ಕೆ 12.4. ನಾವೆಲ್ಲ ಬಾಯಿಪಾಠ ಮಾಡಿದ ಹದಿನಾಲ್ಕು-ಹದಿನಾಲ್ಕು ಸರಾಸರಿಯಲ್ಲಿ ಕೂಡ ಇಲ್ಲ!

ಈ ದಿಕ್ಕನ್ನು ಕಂಡುಹಿಡಿದವನು ಜಪಾನಿನ ಕ್ಯೂಸಾಕು ಓಗಿನೊ ಎಂಬ ಸ್ತ್ರೀರೋಗ ವೈದ್ಯ. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ ಹೆಂಗಸರ ಅಂಡಾಶಯವನ್ನು ಕಣ್ಣಾರೆ ನೋಡುವುದು, ಅವರ ಮುಟ್ಟಿನ ತಾರೀಕುಗಳ ಜೊತೆ ತಾಳೆ ಹಾಕುವುದು, ಹೀಗೆ ವರ್ಷಗಟ್ಟಲೆ. ಮುಂದಿನ ಮುಟ್ಟಿಗೆ ಹನ್ನೆರಡರಿಂದ ಹದಿನಾರು ದಿನ ಮುಂಚೆ ಅಂಡ ಹೊರಬೀಳುತ್ತದೆ ಎಂದು 1924ರಲ್ಲಿ ಅವನು ಬರೆದ. ಆಸ್ಟ್ರಿಯಾದ ಹರ್ಮನ್ ಕ್ನೌಸ್ ಬೇರೆ ದಾರಿಯಿಂದ ಸರಿಸುಮಾರು ಅದೇ ಜಾಗಕ್ಕೆ 1928ರಲ್ಲಿ ತಲುಪಿದ. ಅದಕ್ಕೆ ಮುಂಚೆ? ಹತ್ತೊಂಬತ್ತನೆಯ ಶತಮಾನದ ಯುರೋಪಿನ ದೊಡ್ಡ ದೊಡ್ಡ ವೈದ್ಯರು ಹೆಂಗಸಿನ ಮುಟ್ಟನ್ನು ಪ್ರಾಣಿಗಳು ಬೆದೆಗೆ ಬರುವುದಕ್ಕೆ ಹೋಲಿಸಿ, ಗರ್ಭ ಕಟ್ಟುವುದು ಮುಟ್ಟಿನ ಆಸುಪಾಸಿನಲ್ಲಿ, ತಿಂಗಳ ನಡುಭಾಗವೇ ಸುರಕ್ಷಿತ ಎಂದು ಸಲಹೆ ಕೊಡುತ್ತಿದ್ದರು. ಅತ್ಯಂತ ಅಪಾಯದ ದಿನಗಳನ್ನೇ ಆರಿಸಿ ಕೊಟ್ಟ ಹಾಗೆ! ನಮ್ಮ ಧರ್ಮಶಾಸ್ತ್ರ ಋತುಕಾಲವನ್ನು ಹದಿನಾರು ರಾತ್ರಿ ಎಂದು ಹೇಳಿ, ಮೊದಲ ನಾಲ್ಕನ್ನು ಬಿಟ್ಟು ಉಳಿದುದನ್ನು ಸಂತಾನಕ್ಕೆ ತಕ್ಕದ್ದೆಂದಿತ್ತು. ಸಮರಾತ್ರಿಗೆ ಗಂಡು, ಬೆಸರಾತ್ರಿಗೆ ಹೆಣ್ಣು ಎಂಬ ಅದರ ಮುಂದಿನ ಮಾತು ಶುದ್ಧ ಸುಳ್ಳು. ಆದರೆ ಐದರಿಂದ ಹದಿನಾರು ಎಂಬ ಆ ಅಗಲವಾದ ಅಂದಾಜು ಆ ಯುರೋಪಿನ ವೈದ್ಯರ ಲೆಕ್ಕಕ್ಕಿಂತ ನಿಜಕ್ಕೆ ಎಷ್ಟೋ ಹತ್ತಿರ.

ಈ ಲೆಕ್ಕ ನಮ್ಮ ಮನೆ ಬಾಗಿಲಿಗೇ ಬಂದದ್ದು ನಾನಿರುವ ತಾಂಬರಂನಲ್ಲಿ. ಚೆನ್ನೈನ ದಕ್ಷಿಣ ಬಾಗಿಲು. ಕಡಲಕರೆಯಿಂದ 1931ರಲ್ಲಿ ವಿದ್ಯುತ್ ರೈಲು ಓಡಿ ಬಂದು ನಿಂತದ್ದು ಇಲ್ಲಿಗೇ. ಸ್ಯಾನಟೋರಿಯಂ ನಿಲ್ದಾಣದ ಬಳಿ ರಫ್ತು ವಲಯ ಇದೆ, ಎಲ್ಲರ ಬಾಯಲ್ಲೂ ಮೆಪ್ಜ್. 1984ರಿಂದ ಅದರ ಗೇಟಿನೊಳಗೆ ಹೋಗಿ ಬರುವವರಲ್ಲಿ ಹೆಣ್ಣುಮಕ್ಕಳು ತುಂಬ. ಕೋಲಾರದ ಕಡೆಯಿಂದ ಮದುವೆಯಾಗಿ ಬಂದು ಅಲ್ಲೊಂದು ಕಂಪನಿ ಸೇರಿದ ಹುಡುಗಿ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಾಳೆ. ಕನ್ನಡ ಮಾತಾಡಬೇಕು ಅನ್ನಿಸಿದಾಗ ನಮ್ಮ ಮನೆಗೆ ಬರುತ್ತಾಳೆ. ಒಂದು ಸಂಜೆ ಮುಟ್ಟಿನ ದಿನ ಎಣಿಸುವ ಆ್ಯಪ್ ತೆರೆದು ಫೋನ್ ನನ್ನ ಮುಖಕ್ಕೆ ಹಿಡಿದಳು.

“ಅಕ್ಕಾ, ಇವತ್ತು ಹಸಿರು ತೋರಿಸ್ತಾ ಇದೆ. ಹಸಿರು ಅಂದ್ರೆ ಏನೂ ಆಗಲ್ಲ ಅಲ್ವಾ?”

“ಹೋದ ಸಲ ಎಷ್ಟು ದಿನಕ್ಕೆ ಆಯ್ತಮ್ಮಾ?”

“ಮೂವತ್ತೊಂದು.”

“ಅದಕ್ಕೂ ಮುಂಚೆ?”

“ಇಪ್ಪತ್ತಾರು. ನೈಟ್ ಶಿಫ್ಟ್ ಹಾಕಿದ್ರಲ್ಲ, ಆಗ ಮೂವತ್ತೇಳು. ದೀಪಾವಳಿ ಹೊತ್ತಲ್ಲೂ ಒಂದು ಸಲ ಹಂಗೇ ಆಗಿತ್ತು.”

ಆ ಹಸಿರು ಚುಕ್ಕೆಯನ್ನು ನೋಡುತ್ತ ನನಗೆ ಮೈ ಜುಮ್ಮೆಂದಿತು. ಈ ಹಸಿರನ್ನು ನಾನು ಬೇರೊಂದು ಕಡೆ ಓದಿದ್ದೆ. ರಾಮನಗರದ ಕಥೆಯಲ್ಲಿ! ನಮ್ಮ ರಾಮನಗರ, ರೇಷ್ಮೆಗೂಡಿನ ಮಾರುಕಟ್ಟೆಯ ರಾಮನಗರ, ‘ಶೋಲೆ’ ಚಿತ್ರದ ಬಂಡೆಗಳ ರಾಮನಗರ. ಆ ಬಂಡೆಗಳಿಗೆ ಸಿನಿಮಾದವರು ಬರುವ ಇಪ್ಪತ್ತು ವರ್ಷ ಮುಂಚೆಯೇ ಅಲ್ಲಿನ ಹೆಂಗಸರ ಕೈಗೆ ಹಸಿರು, ಕೆಂಪು ಮಣಿಗಳು ಬಂದಿದ್ದವು.

ಕಥೆ ಹೀಗಿದೆ. 1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಜಗತ್ತಿನಲ್ಲಿ ಬೇರಾವ ದೇಶವೂ ಅದುವರೆಗೆ ಹಾಗೆ ಮಾಡಿರಲಿಲ್ಲ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಅದಕ್ಕೆಂದು 65 ಲಕ್ಷ ರೂಪಾಯಿ. ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಗಾಢ ಅನುಯಾಯಿ. ಗಾಂಧೀಜಿಗೆ ಕೃತಕ ಸಾಧನಗಳೆಂದರೆ ಒಪ್ಪಿಗೆಯಿರಲಿಲ್ಲ. 1935ರ ಕೊನೆಯಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಎಷ್ಟೆಷ್ಟು ವಾದಿಸಿದರೂ ಅವರು ಬಗ್ಗಲಿಲ್ಲ. ಸುರಕ್ಷಿತ ದಿನಗಳನ್ನು ಲೆಕ್ಕ ಹಾಕುವ ದಾರಿಯ ಬಗ್ಗೆ ಮಾತ್ರ ಕೊಂಚ ಮೆತ್ತಗಾದರು. ಅಮೃತ್ ಕೌರ್ ಹಿಡಿದದ್ದು ಆ ಎಳೆಯನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ಅಲ್ಲಿ ಕ್ಯಾಥೊಲಿಕ್ ದೇಶಗಳ ವಿರೋಧ ಬಿಸಿಯಾಗಿತ್ತು, ದಿನ ಎಣಿಸುವ ಕ್ರಮವೊಂದಕ್ಕೇ ದಾರಿ ತೆರೆದಿತ್ತು. ಹೀಗೆ ನ್ಯೂಯಾರ್ಕಿನ ಡಾ. ಅಬ್ರಹಾಂ ಸ್ಟೋನ್ 1951ರಲ್ಲಿ ಬಂದಿಳಿದರು. ಪ್ರಯೋಗಕ್ಕೆ ಆರಿಸಿದ ಜಾಗಗಳು ದೆಹಲಿಯ ಲೋದಿ ಕಾಲನಿ ಮತ್ತು ಮೈಸೂರು ರಾಜ್ಯದ ರಾಮನಗರ.

ಮೈಸೂರೇ ಏಕೆ ಎಂದು ಅಚ್ಚರಿಪಡಬೇಕಿಲ್ಲ. 1930ರ ಜೂನ್ 11ರಂದು ಮೈಸೂರು ಸರ್ಕಾರ ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಕುಟುಂಬ ಯೋಜನೆಯ ಇತಿಹಾಸಗಳು ದಾಖಲಿಸುತ್ತವೆ. ಈ ಸಂಗತಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ಕನ್ನಂಬಾಡಿ ಕಟ್ಟೆಯ ಪಕ್ಕದಲ್ಲಿ ಯಾಕಿಲ್ಲ? ಇರಬೇಕಿತ್ತು.

ಸ್ಟೋನ್ ಮುಂದಿದ್ದ ಕಷ್ಟ ನೋಡಿ. ಕ್ಯಾಲೆಂಡರು ಓದಲು ಬಾರದವರಿಗೆ ಅಂಡದ ಲೆಕ್ಕ ಹೇಳಿಕೊಡಬೇಕು. ಅವರು ಮಾಡಿದ್ದು ಒಂದು ಮಣಿಸರ! ಇಪ್ಪತ್ತೆಂಟು ಮಣಿ. ಮುಟ್ಟಿನ ದಿನಗಳಿಗೆ ಕಿತ್ತಳೆ, ಗರ್ಭ ನಿಲ್ಲದ ದಿನಗಳಿಗೆ ಹಸಿರು, ನಿಲ್ಲಬಹುದಾದ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿ ಸರಿಸುತ್ತ ಹೋದರಾಯಿತು. ಕಾಗದದ ಮೇಲೆ ಎಷ್ಟು ಸೊಗಸು! ರಾಮನಗರದ ಮನೆಗಳಲ್ಲಿ ಅದು ಎದುರಿಸಿದ ಸಂಗತಿಗಳೇ ಬೇರೆ. ರಾತ್ರಿ ದೀಪ ಆರಿದ ಮೇಲೆ ಹಸಿರು ಯಾವುದು, ಕೆಂಪು ಯಾವುದು ಕಾಣುವುದಿಲ್ಲ. ಹಾಗಾಗಿ ಕೈಬೆರಳಿಗೆ ಗುರುತು ಸಿಗಲೆಂದು ಮಣಿಗಳ ಆಕಾರವನ್ನೇ ಬದಲಿಸಬೇಕಾಯಿತು. ಮಣಿಯನ್ನು ಹಿಂದುಮುಂದಾಗಿ ಸರಿಸಿದವರಿದ್ದರು, ಅದಕ್ಕೊಂದು ತಡೆ ಜೋಡಿಸಬೇಕಾಯಿತು. ಸರ ಕೊರಳಲ್ಲಿದ್ದರೆ ಸಾಕು, ಅದೇ ಕಾಯುತ್ತದೆ ಎಂದುಕೊಂಡವರಿದ್ದರು. ಮನೆಯ ಗುಟ್ಟು ಊರಿಗೆಲ್ಲ ಕಾಣುತ್ತದೆಂದು ಹಾಕಿಕೊಳ್ಳಲು ನಾಚಿದವರಿದ್ದರು. 1954ರ ಹೊತ್ತಿಗೆ ಪ್ರಯೋಗ ಮುಗಿಯಿತು. ಜನನದ ಸಂಖ್ಯೆ ಇಳಿಸುವ ಲೆಕ್ಕದಲ್ಲಿ ಸೋತಿತು ಎಂದು ಬರೆದು ಕಡತ ಮುಚ್ಚಿದರು.

ನನಗೆ ಅದು ಸೋಲಾಗಿ ಕಾಣುವುದಿಲ್ಲ. ಕಲಿಯಲು ಮುಂದೆ ಬಂದ ಹೆಂಗಸರು ಅಲ್ಲಿ ಕಡಿಮೆಯೇನಿರಲಿಲ್ಲ. ಹೆರುತ್ತ ಹೆರುತ್ತ ಸುಸ್ತಾದ ಮೈ ಅವರದು. ತಮ್ಮ ದೇಹದ ದಿನಗಳನ್ನು ತಾವೇ ತಿಳಿಯಬಹುದು ಎಂಬ ಮಾತನ್ನು ಅವರಿಗೆ ಬಹುಶಃ ಯಾರೂ ಅಷ್ಟು ನೇರವಾಗಿ ಹೇಳಿರಲಿಲ್ಲ. ಸೋತದ್ದು ಇಪ್ಪತ್ತೆಂಟು ಎಂಬ ಅಂಕಿ! ಎಲ್ಲರ ಮೈಯೂ ಇಪ್ಪತ್ತೆಂಟಕ್ಕೇ ಓಡುತ್ತದೆ ಎಂದು ನಂಬಿ ಕೈಗೆ ಕೊಟ್ಟ ಮಣಿಗಳವು.

ಆ ಸರ ಮತ್ತೆ ಹುಟ್ಟಿ ಬಂತು! ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಸಾವಿರಾರು ಋತುಚಕ್ರಗಳ ಮಾಹಿತಿಯನ್ನು ಜಾಲಾಡಿ ಹೊಸ ಲೆಕ್ಕವೊಂದನ್ನು ಕಟ್ಟಿದರು. ಇಪ್ಪತ್ತಾರರಿಂದ ಮೂವತ್ತೆರಡು ದಿನದೊಳಗೆ ಮುಟ್ಟಾಗುವವರಿಗೆ ಎಂಟರಿಂದ ಹತ್ತೊಂಬತ್ತನೆಯ ದಿನದವರೆಗೆ, ಎರಡೂ ಸೇರಿ ಹನ್ನೆರಡು ದಿನ, ಗರ್ಭ ನಿಲ್ಲಬಹುದು. ಇದಕ್ಕೆಂದೇ ಮಾಡಿದ ಸರ ನಮ್ಮ ದೇಶದಲ್ಲಿ ‘ಮಾಲಾ ಚಕ್ರ’ ಎಂಬ ಹೆಸರಲ್ಲಿ ಬಂತು. ಕೈಯಲ್ಲಿ ಹಿಡಿದು ನೋಡಿದರೆ ಒಟ್ಟು 32 ಮಣಿ. ಮೊದಲು ಕೆಂಪು ಒಂದು, ಮುಟ್ಟಾದ ದಿನಕ್ಕೆ. ಅದರ ಬೆನ್ನಿಗೆ ಆರು ಕಂದು. ಆಮೇಲೆ ಬಿಳಿ ಹನ್ನೆರಡು. ಮತ್ತೆ ಹದಿಮೂರು ಕಂದು, ಅದರಲ್ಲೊಂದು ಗಾಢ ಬಣ್ಣದ್ದು, ಇಪ್ಪತ್ತೇಳನೆಯದು. ಮಣಿಗಳ ಮೇಲೆ ಕಪ್ಪು ರಬ್ಬರ್ ಉಂಗುರ, ದಿನಕ್ಕೊಂದು ಮಣಿ ದಾಟಿಸಲು. ಯಾವ ಕಡೆಗೆ ದಾಟಿಸಬೇಕು ಎಂದು ತೋರಿಸುವ ಬಾಣದ ಗುರುತು. ಗಾಢ ಕಂದು ಮಣಿ ಮುಟ್ಟುವ ಮುಂಚೆಯೇ ಮುಟ್ಟಾದರೆ ಚಕ್ರ ತೀರ ಚಿಕ್ಕದು, ಕೊನೆಯ ಮಣಿ ದಾಟಿದರೂ ಆಗದಿದ್ದರೆ ತೀರ ಉದ್ದ. ವರ್ಷದಲ್ಲಿ ಎರಡು ಸಲ ಹಾಗಾದರೆ ಈ ಸರ ನಿಮಗಲ್ಲ. ಇನ್ನೊಂದು ವಿಶೇಷ ಕೇಳಿ: ಆ ಹನ್ನೆರಡು ಬಿಳಿ ಮಣಿಗಳು ಕತ್ತಲಲ್ಲಿ ಹೊಳೆಯುತ್ತವೆ! ದೀಪ ಆರಿದ ಮೇಲೆ ಕಾಣುವುದಿಲ್ಲ ಎಂದು ರಾಮನಗರದಲ್ಲಿ ಎದ್ದ ತೊಡಕು ಐವತ್ತು ವರ್ಷದ ಬಳಿಕ ಹೀಗೆ ಬಗೆಹರಿದಿತ್ತು. ನಿಯಮ ತಪ್ಪದೆ ಪಾಲಿಸಿದರೆ ವರ್ಷಕ್ಕೆ ನೂರರಲ್ಲಿ ಐದು ಹೆಂಗಸರಿಗೆ, ಸಾಮಾನ್ಯವಾಗಿ ಜನ ಪಾಲಿಸುವ ರೀತಿಯಲ್ಲಿ ಹನ್ನೆರಡು ಹೆಂಗಸರಿಗೆ ಗರ್ಭ ನಿಲ್ಲುತ್ತದೆ ಎಂದು 2002ರಲ್ಲಿ ಪ್ರಕಟವಾದ ಅದರ ಪರೀಕ್ಷೆ ತೋರಿಸಿತು.

ನಮ್ಮ ಬೀದಿಯ ಹುಡುಗಿಗೆ ಮೂವತ್ತೇಳು ಎರಡು ಸಲ ಬಂದಿದೆ. ಅವಳ ಫೋನಿನ ಹಸಿರು ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಹೇಳಿದ ಊಹೆ ಅಷ್ಟೇ. ಈ ತಿಂಗಳ ಅಂಡ ಆ ಊಹೆಯನ್ನು ಕೇಳಿಸಿಕೊಂಡಿಲ್ಲವಲ್ಲ!

ಅಂಡದ ಆಯುಸ್ಸು ಕೇಳಿದರೆ ಅದಕ್ಕಿಂತಲೂ ಬೆರಗು. ಹೊರಬಿದ್ದ ಮೇಲೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ! ಬರಿಗಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದು, ಅಡ್ಡಳತೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅದು ಹೊರಬರುವುದನ್ನು 2008ರಲ್ಲಿ ಬೆಲ್ಜಿಯಂನ ಡಾ. ಜಾಕ್ ಡೊನೆ ಶಸ್ತ್ರಚಿಕಿತ್ಸೆಯ ನಡುವೆ ಆಕಸ್ಮಿಕವಾಗಿ ಕಂಡು ಕ್ಯಾಮೆರಾದಲ್ಲಿ ಹಿಡಿದರು. ಅಂಡ ಥಟ್ಟನೆ ಸಿಡಿದು ಹಾರುತ್ತದೆ ಎಂದುಕೊಂಡಿದ್ದವರೆಲ್ಲ ಬೆಪ್ಪಾದರು. ಕೆಂಪಗೆ ಉಬ್ಬಿದ ಅಂಡಾಶಯದಿಂದ ಅದು ನಿಧಾನವಾಗಿ, ಸುಮಾರು ಹದಿನೈದು ನಿಮಿಷ ತೆಗೆದುಕೊಂಡು ಹೊರಬಂತು! ಹೊರಬಂದ ಅಂಡವನ್ನು ಗರ್ಭನಾಳದ ತುದಿಯ ಝಾಲರಿ ತಡಕಾಡಿ ಒಳಗೆಳೆದುಕೊಳ್ಳುತ್ತದೆ. ಒಂದು ಬದಿಯ ಅಂಡಾಶಯ, ಇನ್ನೊಂದು ಬದಿಯ ನಾಳ ಮಾತ್ರ ಉಳಿದ ಹೆಂಗಸರಿಗೂ ಗರ್ಭ ನಿಂತ ಉದಾಹರಣೆಗಳಿವೆ. ಎಡದ ನಾಳ ಬಲದ ಅಂಡವನ್ನು ಹುಡುಕಿ ಹಿಡಿಯುತ್ತದೆ!

ಅಂಡಕ್ಕೆ ಒಂದೇ ದಿನದ ಬಾಳಾದರೆ ಗಂಡಸಿನ ವೀರ್ಯಾಣುವಿಗೆ ಐದು ದಿನದವರೆಗೂ ಬಾಳು. ಅಂಡ ಹೊರಬರುವ ದಿನಗಳಲ್ಲಿ ಗರ್ಭಕೊರಳಿನಿಂದ ಬರುವ ಬಿಳಿ ತೆಳ್ಳಗಾಗಿ, ಹಸಿ ಮೊಟ್ಟೆಯ ಲೋಳೆಯಂತೆ ಬೆರಳುಗಳ ನಡುವೆ ಎಳೆ ಎಳೆಯಾಗಿ ಹಿಗ್ಗುತ್ತದೆ. ಆ ಲೋಳೆಯಲ್ಲಿ ವೀರ್ಯಾಣುಗಳು ಬದುಕಿ ಉಳಿದು ಕಾಯುತ್ತವೆ. ‘ಬಿಳಿಸೆರಗು’ ಎಂದು ಗಾಬರಿಯಾಗಿ ಡಾಕ್ಟರ ಹತ್ತಿರ ಓಡುವ ಎಷ್ಟೋ ಹುಡುಗಿಯರು ನೋಡುತ್ತಿರುವುದು ತಮ್ಮ ಅಂಡ ಬರಲಿದೆ ಎಂಬ ಸೂಚನೆಯನ್ನು. ವಾಸನೆ, ತುರಿಕೆ, ಉರಿ ಇದ್ದರೆ ಮಾತು ಬೇರೆ, ಆಗ ಡಾಕ್ಟರನ್ನು ಕಾಣಲೇಬೇಕು.

ಹೀಗಾಗಿ ಗರ್ಭ ನಿಲ್ಲಬಲ್ಲ ದಿನಗಳು ಆರು: ಅಂಡ ಹೊರಬರುವ ದಿನ, ಅದರ ಹಿಂದಿನ ಐದು. ಅಮೆರಿಕದ ಆಲನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಹೆಂಗಸರ ದಿನದಿನದ ಮೂತ್ರ ಪರೀಕ್ಷಿಸಿ 1995ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಅವರಲ್ಲಿ ನಿಂತ ಗರ್ಭಗಳೆಲ್ಲ ಆ ಆರು ದಿನಗಳ ಕೂಟದಿಂದಲೇ. ಅಂಡ ಹೊರಬಂದ ಮರುದಿನದಿಂದ ಸೇರಿದ್ದರಿಂದ ಒಂದೂ ನಿಲ್ಲಲಿಲ್ಲ! ಬರೀ ಆರು ದಿನ ತಾನೇ, ಮಿಕ್ಕ ದಿನಗಳಲ್ಲಿ ನಿಶ್ಚಿಂತೆ ಅನ್ನುತ್ತೀರೇನೋ. ಆ ಆರು ಯಾವ ತಾರೀಕಿಗೆ ಬಂದು ಕೂರುತ್ತವೆ ಎಂಬುದೇ ಗೊತ್ತಿಲ್ಲ! ಅದೇ ತಂಡ 2000ದಲ್ಲಿ ಮತ್ತೆ ಲೆಕ್ಕ ಹಾಕಿತು. ಪುಸ್ತಕ ಹೇಳುವ ಹತ್ತರಿಂದ ಹದಿನೇಳರೊಳಗೆ ಆರೂ ದಿನಗಳು ಪೂರ್ತಿ ಬರುವುದು ನೂರಕ್ಕೆ ಮೂವತ್ತು ಹೆಂಗಸರಿಗೆ ಮಾತ್ರ. ಆರನೆಯ ದಿನದಿಂದ ಇಪ್ಪತ್ತೊಂದನೆಯ ದಿನದವರೆಗೆ ಯಾವ ದಿನ ತೆಗೆದುಕೊಂಡರೂ ಅದು ಗರ್ಭ ನಿಲ್ಲಬಲ್ಲ ದಿನವಾಗಿರುವ ಸಂಭವ ಕಡೇಪಕ್ಷ ನೂರಕ್ಕೆ ಹತ್ತು. ಚಿಕ್ಕ ಚಕ್ರದವಳಿಗೆ ಮುಟ್ಟಿನ ಕೊನೆಯ ದಿನದ ಕೂಟದಿಂದಲೂ ನಿಲ್ಲಬಹುದು. ಇಪ್ಪತ್ತನಾಲ್ಕು ದಿನದ ಚಕ್ರವಾದರೆ ಅಂಡ ಹತ್ತಕ್ಕೆ, ಐದನೆಯ ದಿನದ ವೀರ್ಯಾಣು ಇನ್ನೂ ಕಾಯುತ್ತಿರುತ್ತದೆ.

ಬಾಣಂತಿಯರ ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಇದರಲ್ಲಿ ಮೋಸ ಹೋಗುವವರು ಬಹಳ. ಕೂಸಿಗೆ ಆರು ತಿಂಗಳು ತುಂಬುವವರೆಗೆ, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡದೆ, ಮುಟ್ಟು ಮರಳಿ ಬಾರದೆ ಇದ್ದರೆ, ಈ ಮೂರೂ ಕೂಡಿದ್ದರೆ, ನೂರರಲ್ಲಿ ತೊಂಬತ್ತೆಂಟಕ್ಕಿಂತ ಹೆಚ್ಚು ಮಂದಿಗೆ ಗರ್ಭ ನಿಲ್ಲುವುದಿಲ್ಲ. ಒಂದು ತಪ್ಪಿದರೂ ಆ ಕಾಪು ಹೋಯಿತು. ‘ಇನ್ನೂ ಮುಟ್ಟೇ ಆಗಿಲ್ಲವಲ್ಲ’ ಎಂದು ಸುಮ್ಮನಿದ್ದವಳಿಗೆ ಮತ್ತೆ ಬಸಿರಾಗುವುದು ಯಾಕೆ? ಅಂಡ ಮುಟ್ಟಿಗಿಂತ ಮುಂಚೆ ಬರುತ್ತದೆ! ಹಿಂದಿನಿಂದ ಎಣಿಸುವ ಲೆಕ್ಕವೇ ಇಲ್ಲೂ.

ಈಗ ಗರ್ಭನಿರೋಧಕಗಳನ್ನು ಈ ಕಣ್ಣಿನಿಂದ ನೋಡಿ, ಒಂದೊಂದೂ ಹೊಸದಾಗಿ ಕಾಣುತ್ತದೆ. ಮಾಲಾ-ಡಿಯಂಥ ಮಾತ್ರೆ ಆ ದಿನ ಯಾವುದೆಂದು ಹುಡುಕುವುದೇ ಇಲ್ಲ. ಅಂಡ ಹೊರಬಾರದಂತೆ ಮಾಡಿ ಆ ದಿನವನ್ನೇ ಅಳಿಸಿಬಿಡುತ್ತದೆ! ಒಂದೂ ತಪ್ಪದೆ ನುಂಗಿದರೆ ವರ್ಷಕ್ಕೆ ನೂರರಲ್ಲಿ ಒಬ್ಬಳಿಗೂ ನಿಲ್ಲುವುದಿಲ್ಲ, ಮರೆತು ಮರೆತು ನುಂಗುವ ನಿಜ ಜೀವನದಲ್ಲಿ ಏಳು ಮಂದಿಗೆ. ವಂಕಿ, ಅಂದರೆ ಕಾಪರ್-ಟಿ, ದಿನದ ಗೊಡವೆಗೇ ಹೋಗುವುದಿಲ್ಲ, ಅದರ ತಾಮ್ರ ವೀರ್ಯಾಣುಗಳನ್ನು ಕುಗ್ಗಿಸುತ್ತದೆ. ನೂರಕ್ಕೆ ಒಬ್ಬಳಿಗಿಂತ ಕಡಿಮೆ, ವರ್ಷಗಟ್ಟಲೆ. ನಿರೋಧ್ ತಪ್ಪದೆ ಬಳಸಿದರೆ ಎರಡು, ಸಾಮಾನ್ಯ ಬಳಕೆಯಲ್ಲಿ ಹದಿಮೂರು, ಆದರೆ ಎಚ್‌ಐವಿಯಂಥ ಸೋಂಕನ್ನೂ ತಡೆಯುವುದು ಇವುಗಳಲ್ಲಿ ಅದೊಂದೇ. ಹೊರಗೆ ಬಿಡುವ ಪದ್ಧತಿಯಲ್ಲಿ ಇಪ್ಪತ್ತು. ಏನೂ ಮಾಡದಿದ್ದರೆ ಎಂಬತ್ತೈದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ 1991ರಲ್ಲಿ ಮಾರುಕಟ್ಟೆಗೆ ಬಂದ ‘ಸಹೇಲಿ’ಯಂತೂ ಸ್ಟೀರಾಯ್ಡ್ ಹಾರ್ಮೋನಿಲ್ಲದ ಮಾತ್ರೆ! ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ‘ಛಾಯಾ’ ಎಂಬ ಹೆಸರಲ್ಲಿ ಸಿಗುತ್ತದೆ, ‘ಅಂತರಾ’ ಎಂಬ ಮೂರು ತಿಂಗಳ ಚುಚ್ಚುಮದ್ದಿನ ಜೊತೆಗೆ.

ಇಷ್ಟೆಲ್ಲ ಇದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆರೆದು ನೋಡಿದರೆ ಎದೆ ಭಾರವಾಗುತ್ತದೆ. ಕರ್ನಾಟಕ, ತಮಿಳುನಾಡು ಎರಡರಲ್ಲೂ ಮದುವೆಯಾದ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ದೇಶದಾದ್ಯಂತ ಶೇ. 0.3. ಗಂಡಸರದು ಚಿಕ್ಕ ಗಾಯದ, ಅರ್ಧ ಗಂಟೆಯ ಕೆಲಸ. ಇಡೀ ಭಾರ ಹೆಣ್ಣಿನ ಹೊಟ್ಟೆಯ ಮೇಲೆಯೇ ಯಾಕೆ ಬೀಳಬೇಕು?

ಚೆನ್ನೈನಲ್ಲಿರುವವರಿಗೆ ಇನ್ನೊಂದು ಮಾತು. ತುರ್ತು ಮಾತ್ರೆ, 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 2005ರಿಂದ ದೇಶದಲ್ಲಿ ಚೀಟಿಯಿಲ್ಲದೆ ಮಾರಬಹುದಾದ ಔಷಧಿ. ಆದರೂ ಈ ಊರಿನ ಎಷ್ಟೋ ಮೆಡಿಕಲ್ ಶಾಪುಗಳಲ್ಲಿ ಅದು ಸಿಗುವುದಿಲ್ಲ ಎಂದು ಪತ್ರಿಕೆಗಳು ವರ್ಷಗಳಿಂದ ಬರೆಯುತ್ತ ಬಂದಿವೆ. ಅದು ಗರ್ಭಪಾತದ ಮಾತ್ರೆಯಲ್ಲ. ಅಂಡ ಹೊರಬರುವುದನ್ನು ಮುಂದೂಡುತ್ತದೆ, ಅಷ್ಟೇ. ನಿಂತ ಗರ್ಭವನ್ನು ಅದು ತೆಗೆಯಲಾರದು. 72 ಗಂಟೆಯೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು, ಯಾಕೆಂದರೆ ಎಲ್‌ಎಚ್ ಉಕ್ಕಿದ ಮೇಲೆ ಅದರ ಕೈ ನಡೆಯುವುದಿಲ್ಲ. ಅದಕ್ಕಿಂತ ಬಲವಾದ ಉಪಾಯ ಐದು ದಿನದೊಳಗೆ ಹಾಕಿಸಿಕೊಂಡ ಕಾಪರ್-ಟಿ. ಡೇಟ್ ಮುಂದೆ ಹೋದರೆ ಮನೆಯಲ್ಲೇ ಕಿಟ್‌ನಿಂದ ಪರೀಕ್ಷಿಸಬಹುದು, ಆಶಾ ಕಾರ್ಯಕರ್ತೆಯರ ಬಳಿ ‘ನಿಶ್ಚಯ್’ ಪುಕ್ಕಟೆ. ಮುಟ್ಟಿನ ದಿನ ದಾಟುವ ಮುಂಚೆ ಅವಸರದಲ್ಲಿ ನೋಡಿದರೆ ಸುಳ್ಳು ಸಮಾಧಾನ ಸಿಗಬಹುದು. ಫಲಿತ ಅಂಡ ಗರ್ಭಕೋಶಕ್ಕೆ ಅಂಟಲು ಸಾಮಾನ್ಯವಾಗಿ ಎಂಟು ಹತ್ತು ದಿನ ಹಿಡಿಯುತ್ತದೆ, ಕಿಟ್ ಹುಡುಕುವ ಹಾರ್ಮೋನ್ ಅದರ ನಂತರವೇ ಏರುವುದು. ಬೇಡದ ಗರ್ಭ ನಿಂತೇ ಹೋದರೆ 1971ರ ಕಾನೂನು, ಅದರ 2021ರ ತಿದ್ದುಪಡಿ ಇವೆ. ಮದುವೆಯಾಗದವರಿಗೂ ಆ ಕಾನೂನಿನಲ್ಲಿ ಜಾಗ ಇದೆ, ಹೆಸರು ಗುಟ್ಟಾಗಿಡುವ ಹೊಣೆ ವೈದ್ಯರದು.

ಕೊನೆಯದಾಗಿ, ತಾಂಬರಂಗೇ ಅಂಟಿಕೊಂಡ ಒಂದು ಸಂಗತಿ. ಸ್ಯಾನಟೋರಿಯಂ ನಿಲ್ದಾಣಕ್ಕೆ ಆ ಹೆಸರು ಕೊಟ್ಟದ್ದು 1928ರಲ್ಲಿ ಡಾ. ಚೌರಿ ಮುತ್ತು ಇಲ್ಲಿ ಕಟ್ಟಿದ ಕ್ಷಯದ ಆಸ್ಪತ್ರೆ. ಒಳ್ಳೆಯ ಗಾಳಿ, ವಿಶ್ರಾಂತಿ, ತಿಂಗಳುಗಟ್ಟಲೆ ಹಾಸಿಗೆ, ಆಗಿನ ಚಿಕಿತ್ಸೆ ಅಷ್ಟೇ. ಕ್ಷಯರೋಗಿ ಆಸ್ಪತ್ರೆಯಲ್ಲೇ ಇರಬೇಕಿಲ್ಲ, ಮನೆಯಲ್ಲೇ ಮಾತ್ರೆ ನುಂಗಿ ಗುಣವಾಗಬಹುದು ಎಂದು ಇದೇ ಮದ್ರಾಸಿನ ಚೇಟ್‌ಪಟ್‌ನಲ್ಲಿ 1956ರಲ್ಲಿ ಶುರುವಾದ ಕೇಂದ್ರ ಜಗತ್ತಿಗೇ ತೋರಿಸಿಕೊಟ್ಟಿತು. ಮುಂದೆ ಬಂತು ರಿಫಾಂಪಿಸಿನ್, ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಆ ಮಾತ್ರೆ. ಅದನ್ನು ನುಂಗುತ್ತಿದ್ದ ಹೆಂಗಸರಿಗೆ ಗರ್ಭನಿರೋಧಕ ಮಾತ್ರೆ ಒಂದು ದಿನವೂ ತಪ್ಪಿಸದಿದ್ದರೂ ನಡುನಡುವೆ ರಕ್ತ ಕಾಣಿಸಿಕೊಂಡಿತು, ಕೆಲವರು ಬಸಿರಾದರು! 1970ರ ದಶಕದ ಆರಂಭದಲ್ಲಿ ಜರ್ಮನಿಯ ವೈದ್ಯರು ಇದನ್ನು ಬೆಳಕಿಗೆ ತಂದರು. ರಿಫಾಂಪಿಸಿನ್ ಪಿತ್ತಜನಕಾಂಗವನ್ನು ಚುರುಕುಗೊಳಿಸುತ್ತದೆ, ಆ ಚುರುಕಿನಲ್ಲಿ ಅದು ಗರ್ಭನಿರೋಧಕದ ಹಾರ್ಮೋನನ್ನೂ ಬೇಗ ಬೇಗ ಒಡೆದುಹಾಕುತ್ತದೆ. ತುರ್ತು ಮಾತ್ರೆಗೂ ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್‌ಗೂ ಇದೇ ಗತಿ. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಎಂಬ ಔಷಧಿ ಕೂಡ ಹೀಗೆಯೇ ಮಾಡುತ್ತದೆ, ತಾಂಬರಂನ ಆ ಆಸ್ಪತ್ರೆ ಎಚ್‌ಐವಿ ಚಿಕಿತ್ಸೆಗೂ ದೇಶದಲ್ಲೇ ಹೆಸರಾದದ್ದು. ತಾಮ್ರದ ವಂಕಿಗೆ ಮಾತ್ರ ಇದರಿಂದ ಬಾಧೆಯಿಲ್ಲ, ನಿರೋಧ್‌ಗೂ ಇಲ್ಲ, ಮೂರು ತಿಂಗಳ ಚುಚ್ಚುಮದ್ದೂ ಕೆಲಸ ಮಾಡುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಅದರ ಪ್ರಭಾವ ಉಳಿಯುತ್ತದೆ. ಕ್ಷಯದ ಮಾತ್ರೆ ಕೊಡುವ ಕೌಂಟರಿನಲ್ಲಿ ಒಬ್ಬರು, ಮಾಲಾ-ಡಿ ಕೊಡುವ ಕೌಂಟರಿನಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ ಎರಡೂ ಕಡೆ ತೋರಿಸಿ.